ಬಾಣಂತಿಗೆ ಎಣ್ಣೆ, ಕೂಸಿಗೆ ನೀರು



ಈ ದಿನ ಬೆಳೆಯ ಮಾತಲ್ಲ, ಬಾಣಂತನದ ಮಾತು. ಕೃಷಿಗೂ ಬಾಣಂತನಕ್ಕೂ ಏನಪ್ಪ ಸಂಬಂಧ ಅಂತೀರಾ? ನಮ್ಮದು ಎಣ್ಣೆಯ ಸೀಮೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಹೆಸರು ಕೇಳದವರಿಲ್ಲ. ಹೊಸದುರ್ಗ, ಹೊಳಲ್ಕೆರೆಯ ತೋಟಗಳಲ್ಲಿ ತೆಂಗು ಇದೆ. ಮಗಳು ಹೆರಿಗೆಗೆ ತವರಿಗೆ ಬಂದಳೆಂದರೆ ಅವ್ವ ಮೊದಲು ನೋಡುವುದು ಮನೆಯಲ್ಲಿ ಎಣ್ಣೆ ಎಷ್ಟಿದೆ, ಹಂಡೆ ಒಲೆಗೆ ಸೌದೆ ಎಷ್ಟಿದೆ ಎಂಬುದನ್ನೆ.

ಈ ಎಣ್ಣೆ ನೀರಿನ ಪದ್ಧತಿ ಒಳ್ಳೆಯದು. ಹಳೆಯದೆಂದು ಬಿಡಬೇಕಾಗಿಲ್ಲ. ನಮ್ಮ ಜಿಲ್ಲೆಗೆ ಪಕ್ಕದ ಪಾವಗಡ ತಾಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮನವರಿದ್ದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಈಗ ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ, ಆಗಬೇಕಾದದ್ದೂ ಅಲ್ಲಿಯೆ. ಆದರೆ ಮನೆಗೆ ಬಂದ ಮೇಲೆ ಬಾಣಂತಿಯ ಮೈ ತಿಕ್ಕುವುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುವುದು ಮನೆಯ ಹಿರಿಯ ಕೈಗಳೆ. ಆ ಕೈಗಳಿಗೆ ನಾಲ್ಕು ಮಾತು ಹೇಳಬೇಕಾಗಿದೆ.

ತಿಕ್ಕುವುದರಿಂದ ಏನು ಲಾಭ? ಬಗ್ಗಿ ಕೂತು ಹಾಲು ಕೊಟ್ಟು ಕೊಟ್ಟು ತಾಯಿಯ ಬೆನ್ನು, ಹೆಗಲು ಬಿಗಿದಿರುತ್ತವೆ. ಉಗುರು ಬೆಚ್ಚಗಿನ ಎಣ್ಣೆ ಹಾಕಿ ನೀವಿದರೆ ಆ ಬಿಗಿ ಸಡಿಲುತ್ತದೆ, ನಿದ್ದೆ ಬರುತ್ತದೆ. ಕೂಸಿನ ಚರ್ಮಕ್ಕೆ ಎಣ್ಣೆ ಒಂದು ಹೊದಿಕೆಯಂತೆ. ಮೃದುವಾದ ಸ್ಪರ್ಶಕ್ಕೆ ಕೂಸು ಸಮಾಧಾನವಾಗುತ್ತದೆ. ಅಮೆರಿಕದ ಮಯಾಮಿಯಲ್ಲಿ ದಿನ ತುಂಬುವ ಮೊದಲೆ ಹುಟ್ಟಿದ ಕೂಸುಗಳಿಗೆ ದಿನಕ್ಕೆ ಮೂರು ಬಾರಿ, ಬಾರಿಗೆ ಹದಿನೈದು ನಿಮಿಷದಂತೆ ಹತ್ತು ದಿನ ಮೈ ನೀವಿ, ಕೈಕಾಲು ಆಡಿಸಿ ನೋಡಿದರು. ನೀವದೆ ಬಿಟ್ಟ ಕೂಸುಗಳಿಗಿಂತ ಇವುಗಳ ತೂಕ ದಿನಕ್ಕೆ ನೂರಕ್ಕೆ 47ರಷ್ಟು ಹೆಚ್ಚು ಏರಿತೆಂದು 1986ರಲ್ಲಿ ಪ್ರಕಟಿಸಿದರು. ಅದು ಆಸ್ಪತ್ರೆಯಲ್ಲಿ, ತಿಳಿದವರ ಕೈಯಲ್ಲಿ ಆದದ್ದು ಎಂಬುದನ್ನು ಮರೆಯಬೇಡಿ. ಫ್ರಾನ್ಸಿನ ಲೆಬಾಯೆ ಎಂಬ ವೈದ್ಯರು ಕಲ್ಕತ್ತೆಯಲ್ಲಿ ಶಾಂತಲಾ ಎಂಬ ತಾಯಿ ತನ್ನ ಮಗುವಿಗೆ ಎಣ್ಣೆ ಹಚ್ಚುವುದನ್ನು ಕಂಡು ಬೆರಗಾಗಿ, 1976ರಲ್ಲಿ ಅವಳ ಹೆಸರಿನಲ್ಲೆ ಪುಸ್ತಕ ಬರೆದರು. ನಮ್ಮ ಅಜ್ಜಿಯರು ಬಚ್ಚಲಲ್ಲಿ ಕೂತು ಮಾಡುವುದನ್ನು ಪರದೇಶದವರು ಪುಸ್ತಕ ಓದಿ ಕಲಿತರು ನೋಡಿ!

ಇನ್ನು ಕೂಸಿನ ವಿಚಾರ. ಹುಟ್ಟಿದ ದಿನ ನೀರೆರೆಯಬಾರದು. ಕನಿಷ್ಠ ಇಪ್ಪತ್ತನಾಲ್ಕು ಗಂಟೆ ತಡೆಯಿರಿ. ಒಣಬಟ್ಟೆಯಲ್ಲಿ ಒರೆಸಿ ತಾಯಿಯ ಎದೆಗೆ ಹಾಕಿರಿ, ಮೊದಲ ಗಂಟೆಯಲ್ಲಿಯೆ ಮೊಲೆಹಾಲು ಕೊಡಿಸಿರಿ. ಮೊದಲು ಬರುವ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ಅದರಷ್ಟು ನಷ್ಟ ಇನ್ನೊಂದಿಲ್ಲ. ಎರಡು ಕಿಲೊಗಿಂತ ಕಡಿಮೆ ತೂಕದ ಕೂಸಿಗಂತೂ ಅಷ್ಟು ತೂಕ ಬರುವವರೆಗೆ ಸ್ನಾನವೆ ಬೇಡ. ಅದಕ್ಕೆ ಬೇಕಾದ್ದು ತಾಯಿಯ ಎದೆಯ ಬಿಸಿ, ಮೈಗೆ ಮೈ ತಾಗುವ ಹಾಗೆ. ತಾಯಿಗೆ ದಣಿವಾದರೆ ತಂದೆಯೂ ಅಪ್ಪಿಕೊಳ್ಳಬಹುದು. ನಗಬೇಡಿ ಯಜಮಾನರೆ, ನಿಮ್ಮ ಎದೆಯೂ ಬೆಚ್ಚಗೆ ಇದೆ.

ಎಣ್ಣೆ ಹಚ್ಚುವಾಗ ಕೊಬ್ಬರಿ ಎಣ್ಣೆ ಸಾಕು. ಉಗುರು ಕತ್ತರಿಸಿ, ಬಳೆ ಉಂಗುರ ತೆಗೆದು, ಕೈ ತೊಳೆದುಕೊಂಡು, ಅಂಗೈಯಲ್ಲಿ ಎಣ್ಣೆ ಬಿಸಿ ಮಾಡಿಕೊಳ್ಳಿ. ಹಾಲು ಕುಡಿದ ಕೂಡಲೆ ಬೇಡ. ರೊಟ್ಟಿ ಹಿಟ್ಟು ನಾದುವ ಬಲ ಇಲ್ಲಿ ಬೇಡ. ಕೂಸು ಕಿರುಚಿ ಅತ್ತರೆ ಅದು ಮೈ ಸಡಿಲವಾದ ಗುರುತಲ್ಲ, ನೋವಾದ ಗುರುತು. ನೆತ್ತಿಯ ಮೇಲೆ ಎಣ್ಣೆ ಸವರಿದರೆ ಸಾಕು, ಒತ್ತಬೇಡಿ. ಮೂಗು ನೀಳವಾಗಲೆಂದು ತೀಡುವುದು, ತಲೆ ದುಂಡಗಾಗಲೆಂದು ಅದುಮುವುದು, ಎದೆಯಲ್ಲಿ ಹಾಲಿದೆಯೆಂದು ಹಿಂಡುವುದು, ಕಾಲು ಹಿಡಿದು ತಲೆಕೆಳಗೆ ಜೋಲಾಡಿಸುವುದು ಬೇಡವೆ ಬೇಡ. ಹೆರಿಗೆಯಲ್ಲಿ ಉದ್ದವಾದ ತಲೆ ತಾನಾಗಿ ಸರಿಹೋಗುತ್ತದೆ. ಎದೆ ಹಿಂಡಿದರೆ ಕೀವು ತುಂಬೀತು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಮೂಗಿಗೆ, ಬಾಯಿಗೆ, ಕಿವಿಗೆ ಎಣ್ಣೆ ಬಿಡಬೇಡಿ. "ನಮ್ಮ ಮಕ್ಕಳಿಗೆಲ್ಲ ಬಿಟ್ಟಿದ್ದೀವಿ, ಏನಾಯ್ತು?" ಅಂತ ಅಜ್ಜಿ ಕೇಳುತ್ತಾರೆ. ಅಜ್ಜೀ, ನೀರು ಮೂಗಿಗೆ ಹೋದರೆ ಕೂಸು ಸೀನುತ್ತದೆ, ಕೆಮ್ಮುತ್ತದೆ. ಎಣ್ಣೆ ಹಾಗಲ್ಲ. ಕೆಮ್ಮು ಬರಿಸದೆ ಮೆಲ್ಲಗೆ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಅಲ್ಲಿ ಅದು ಕರಗುವುದಿಲ್ಲ, ಉರಿಯೂತ ಎಬ್ಬಿಸುತ್ತದೆ. ದಿನವೂ ಎರಡು ತೊಟ್ಟು ಸೇರುತ್ತ ಹೋದರೆ ಉಸಿರಾಟ ಜೋರಾಗಿ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಎಣ್ಣೆಯಿಂದ ಬರುವ ಈ ನ್ಯುಮೋನಿಯಾವನ್ನು ನಮ್ಮ ದೇಶದ ಮಕ್ಕಳ ವೈದ್ಯರು ಚೆನ್ನಾಗಿ ಬಲ್ಲರು. ಮಾಮೂಲಿ ಔಷಧಕ್ಕೆ ಅದು ಬೇಗ ಬಗ್ಗುವುದಿಲ್ಲ. ಎಣ್ಣೆಯ ಜಾಗ ಚರ್ಮದ ಮೇಲೆ, ಅಷ್ಟೆ.

ನೀರೆರೆಯುವಾಗ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕೆಲಸ ಮಾಡಿ ಕಾಯಿ ಕಟ್ಟಿದ ಅಂಗೈಗೆ ಬಿಸಿ ಗೊತ್ತಾಗದು, ಮೊಣಕೈ ಅದ್ದಿ ನೋಡಿ. ಸ್ನಾನ ಚುಟುಕಾಗಿರಲಿ. ಜೋಗಿಮಟ್ಟಿ ಕಡೆಯಿಂದ ಬೀಸುವ ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ. ಕೂಡಲೆ ಒರೆಸಿ, ತಲೆಗೆ ಟೋಪಿ ಹಾಕಿ, ತಾಯಿಯ ಮಡಿಲಿಗೆ ಕೊಡಿ. ಆಮೇಲೆ ಸಾಂಬ್ರಾಣಿ, ಲೋಬಾನದ ಹೊಗೆ ಬೇಡ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡವಂತೂ ವಿಷಾನಿಲ ಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಮಲಗಿದವರು ಏಳದೆ ಹೋಗಬಹುದು.

ತಾಯಿಗೆ ಹೊಟ್ಟೆ ಕೊಯ್ದು ಹೆರಿಗೆಯಾಗಿದ್ದರೆ ಕೈ, ಕಾಲು, ಬೆನ್ನು, ತಲೆ ನೀವಬಹುದು. ಹೊಟ್ಟೆಯನ್ನು ಮಾತ್ರ ಗಾಯ ಪೂರ್ತಿ ಮಾಯ್ದು ವೈದ್ಯರು ಸರಿ ಎನ್ನುವ ತನಕ ಮುಟ್ಟಬೇಡಿ. ಒಂದೇ ಕಾಲು ಊದಿ, ಕಣಕಾಲಿನ ಹಿಂದೆ ನೋವು, ಬಿಸಿ ಇದ್ದರೆ "ವಾಯು ಹಿಡಿದಿದೆ" ಎಂದು ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದೀತು. ಇನ್ನು, ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತದೆ ಎನ್ನುವವರಿಗೆ ಒಂದು ಪ್ರಶ್ನೆ: ಕರು ಹಾಕಿದ ಹಸುವಿಗೆ ನೀರು ಕಟ್ಟುತ್ತೀರಾ?

ಒಂದು ಕಷ್ಟದ ಮಾತು ಉಳಿದಿದೆ. ನಮ್ಮ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿ ಕೂಸನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇಡುವ ರೂಢಿಯಿತ್ತು, ಪೂರ್ತಿ ನಿಂತಿಲ್ಲ. ಅಲ್ಲಿ ಎಣ್ಣೆ ಹಚ್ಚುವ ಕೈ ಎಲ್ಲಿ, ಬಿಸಿನೀರು ಎಲ್ಲಿ? 2023ರ ಜುಲೈನಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಾಗೆ ಮಳೆ ಚಳಿಯಲ್ಲಿದ್ದ ಹಸುಗೂಸು ತೀರಿಕೊಂಡಿತು. ಹೀಗೆ ಹೊರಗಿಡುವುದನ್ನು ತಡೆಯಲು 2017ರ ರಾಜ್ಯದ ಕಾನೂನು ಇದೆ. ಕಾನೂನಿಗಿಂತ ಮೊದಲು ಮನೆಯ ಹಿರಿಯರು ಎದ್ದು ಹೋಗಿ ಕೂಸನ್ನು ಒಳಗೆ ತರಬೇಕು. ದೇವರು ಮುನಿಯುವುದಿಲ್ಲ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾಳೆ. ಅವಳ ಎದುರಿಗೇ ಒಮ್ಮೆ ಎಣ್ಣೆ ಹಚ್ಚಿ ತೋರಿಸಿ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಪಕ್ಕೆ ಒಳಗೆ ಎಳೆದು ಉಸಿರಾಡಿದರೆ, ತಾಯಿಗೆ ಜ್ವರ ಬಂದರೆ, ರಕ್ತ ಹೆಚ್ಚು ಹೋದರೆ, ಅವಳ ದಿನಕ್ಕೆ ಕಾಯದೆ 108ಕ್ಕೆ ಫೋನು ಮಾಡಿ.