ಬಿಸಿಲನ್ನು ಉಪ್ಪಿನಲ್ಲಿ ಕೂಡಿಟ್ಟವರು

1948ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೋವರ್ ಎಂಬ ಊರಿನಲ್ಲಿ ಗಂಡ, ಹೆಂಡತಿ, ಪುಟ್ಟ ಮಗ ಇದ್ದ ಒಂದು ಸಂಸಾರ ಹೊಸ ಮನೆಗೆ ಬಂದು ಸೇರಿತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಮನೆ ಬೆಚ್ಚಗಿಡಲು ಎಣ್ಣೆಯನ್ನಾಗಲಿ ಕಲ್ಲಿದ್ದಲನ್ನಾಗಲಿ ಉರಿಸುವ ಏರ್ಪಾಡೇ ಅಲ್ಲಿರಲಿಲ್ಲ. ಮಹಡಿಯ ದಕ್ಷಿಣ ಗೋಡೆಯುದ್ದಕ್ಕೂ 18 ಕಿಟಕಿಗಳು, ಗಾಜಿನ ಹಿಂದೆ ಕಪ್ಪು ಬಳಿದ ಲೋಹದ ತಗಡು. ಅಲ್ಲಿ ಕಾದ ಗಾಳಿಯನ್ನು ಫ್ಯಾನುಗಳು ಕೋಣೆಗಳ ನಡುವಿನ ಗೂಡುಗಳಿಗೆ ತಳ್ಳುತ್ತಿದ್ದವು. ಆ ಗೂಡುಗಳಲ್ಲಿ ಡ್ರಮ್ಮುಗಟ್ಟಲೆ ತುಂಬಿಟ್ಟಿದ್ದು 21 ಟನ್ ಉಪ್ಪು.

ಅದು ಅಡುಗೆ ಉಪ್ಪಲ್ಲ, ಗ್ಲಾಬರ್ ಉಪ್ಪು. ಸೋಡಿಯಂ ಸಲ್ಫೇಟ್ ನೀರನ್ನು ಒಡಲಲ್ಲಿಟ್ಟುಕೊಂಡು ಹರಳುಗಟ್ಟಿದ ಅಗ್ಗದ ಸರಕು. ಸುಮಾರು 32 ಡಿಗ್ರಿಗೆ ಕರಗುತ್ತದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕೋ, ಅದರ ಹತ್ತಿರ ಹತ್ತಿರ 60 ಪಟ್ಟನ್ನು ಒಂದು ಕಿಲೋ ಗ್ಲಾಬರ್ ಉಪ್ಪು ಕರಗುವಾಗ ನುಂಗಿಬಿಡುತ್ತದೆ. ರಾತ್ರಿ ತಣಿದು ಮತ್ತೆ ಗಟ್ಟಿಯಾಗುವಾಗ ಆ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಬಿಸಿಲು ಹಿಡಿಯುವುದಕ್ಕೆ ಗಾಜು, ಕಪ್ಪು ತಗಡು ಸಾಕು. ಕತ್ತಲಾದ ಮೇಲೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಉಪ್ಪಿನ ಏರ್ಪಾಡನ್ನು ರೂಪಿಸಿದ ವಿಜ್ಞಾನಿ ಮರಿಯಾ ಟೆಲ್ಕೆಸ್ ಅವರ ಜೀವಮಾನದ ಪ್ರಶ್ನೆ. ಪತ್ರಿಕೆಗಳು ಅವರನ್ನು ‘ಸೂರ್ಯರಾಣಿ’ ಎಂದು ಕರೆದವು. ಬಿರುದೇನೋ ಚೆಂದ, ಆದರೆ ಅವರು ಹೆಚ್ಚು ತಲೆಕೆಡಿಸಿಕೊಂಡದ್ದು ಸೂರ್ಯ ಮುಳುಗಿದ ಮೇಲಿನ ಗಂಟೆಗಳ ಬಗ್ಗೆ.

ಹುಟ್ಟಿದ್ದು 1900ರಲ್ಲಿ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ಅಲ್ಲೇ ಭೌತ ರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್. 1925ರಲ್ಲಿ ಅಮೆರಿಕಕ್ಕೆ ಹೋದವರು ಅಲ್ಲೇ ನೆಲೆಸಿದರು. ಕ್ಲೀವ್‌ಲ್ಯಾಂಡ್‌ನ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗ, ವೆಸ್ಟಿಂಗ್‌ಹೌಸ್ ಕಂಪನಿ ದಾಟಿ ಎಂಐಟಿಯ ಸೌರಶಕ್ತಿ ಯೋಜನೆಗೆ ಸೇರಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಮುದ್ರದ ಪಾಲಾದ ಸೈನಿಕರಿಗಾಗಿ ಅವರು ಮಾಡಿಕೊಟ್ಟ ಸಾಧನ ನೋಡಿ: ಗಾಳಿ ಊದಿ ಉಬ್ಬಿಸುವ ಪಾರದರ್ಶಕ ಪ್ಲಾಸ್ಟಿಕ್ ಚೀಲ, ಒಳಗೆ ಕಪ್ಪು ಬಟ್ಟೆ. ಬಟ್ಟೆ ಹೀರಿಕೊಂಡ ಕಡಲನೀರು ಬಿಸಿಲಿಗೆ ಆವಿಯಾಗಿ, ಚೀಲದ ಒಳಮೈಗೆ ತಾಗಿ, ಸಿಹಿನೀರಾಗಿ ಕೆಳಗೆ ಇಳಿಯುತ್ತಿತ್ತು. ಸುಮಾರು ಒಂದು ಲೀಟರ್ ನೀರು ಸಿಕ್ಕರೂ ಒಬ್ಬ ಮನುಷ್ಯ ಒಂದು ದಿನ ದೂಡಬಹುದು.

ಡೋವರ್ ಮನೆಗೆ ಹಣ ಕೊಟ್ಟವರು ಶಿಲ್ಪಿ ಅಮೀಲಿಯಾ ಪೀಬಾಡಿ, ನಕ್ಷೆ ವಾಸ್ತುಶಿಲ್ಪಿ ಎಲಿನರ್ ರೇಮಂಡ್ ಅವರದು. ಮೂವರೂ ಹೆಂಗಸರು; 1948ರಲ್ಲಿ ಇದೇ ಒಂದು ಸುದ್ದಿ. ವಾಸಕ್ಕೆ ಹೋದದ್ದು ಟೆಲ್ಕೆಸ್ ಅವರ ಬಂಧುಗಳು. ಪ್ರಯೋಗಕ್ಕೆ ಒಡ್ಡಿಕೊಳ್ಳಲು ಬಂಧುಗಳಲ್ಲದೆ ಇನ್ಯಾರು ಸಿಗುತ್ತಾರೆ!

ಎರಡು ಚಳಿಗಾಲ ಹೇಗೋ ಕಳೆಯಿತು. ಮೂರನೆಯದರಲ್ಲಿ ಉಪ್ಪು ಕೈಕೊಟ್ಟಿತು. ಪ್ರತಿ ಸಲ ಕರಗಿದಾಗಲೂ ಒಂದಿಷ್ಟು ಉಪ್ಪು ನೀರಿನಿಂದ ಬೇರೆಯಾಗಿ, ಕಲಕದ ಪಾನಕದಲ್ಲಿ ಬೆಲ್ಲ ಇಳಿದ ಹಾಗೆ, ಡ್ರಮ್ಮಿನ ತಳ ಸೇರುತ್ತಿತ್ತು. ತಣಿಯುವಾಗ ಮೇಲಿನ ನೀರು ಅದನ್ನು ಮುಟ್ಟುತ್ತಿರಲಿಲ್ಲ. ಮುಟ್ಟದಿದ್ದರೆ ಹರಳಿಲ್ಲ, ಹರಳಿಲ್ಲದಿದ್ದರೆ ಶಾಖವಿಲ್ಲ. ಇದರ ಜೊತೆಗೆ ಇನ್ನೊಂದು ಚಾಳಿ: ಕರಗಿದ ಉಪ್ಪು 32 ಡಿಗ್ರಿಗಿಂತ ಕೆಳಗಿಳಿದರೂ ಗಟ್ಟಿಯಾಗದೆ ಹಾಗೇ ಕೂತುಬಿಡುವುದು. ಇದಕ್ಕೆ ಟೆಲ್ಕೆಸ್ ಮದ್ದು ಕಂಡುಹಿಡಿದರು. ನಮ್ಮ ಅಕ್ಕಸಾಲಿಗರು ಬಳಸುವ ಬಿಳಿಗಾರವನ್ನು, ಅಂದರೆ ಬೋರಾಕ್ಸನ್ನು, ಸ್ವಲ್ಪ ಬೆರೆಸಿದರೆ ಅದರ ಕಣಗಳ ಸುತ್ತ ಹರಳು ಕಟ್ಟಲು ಶುರುವಾಗುತ್ತದೆ. ತಳ ಸೇರುವ ರೋಗ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

ಎಂಐಟಿಯ ಯೋಜನೆಯ ಮುಖ್ಯಸ್ಥ ಹೋಯ್ಟ್ ಹಾಟೆಲ್ ಅವರಿಗೂ ಟೆಲ್ಕೆಸ್‌ಗೂ ಹೊಂದಿಕೆಯಾಗಲಿಲ್ಲ. ಹಾಟೆಲ್ ಕಟ್ಟಿಸಿದ ಮೊದಲ ಸೌರಮನೆಯಲ್ಲಿ ಶಾಖ ಕೂಡಿಡಲು ಇದ್ದದ್ದು ನೀರಿನ ಟ್ಯಾಂಕು. ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ಹೀಟರ್‌ಗಳನ್ನು ನೋಡಿದರೆ ನೀರಿನ ಪಕ್ಷವೇ ಗೆದ್ದಿತೆನ್ನಬೇಕು. ಆದರೆ ನಮಗೆ ಬೇಕಾದ್ದು ಸ್ನಾನಕ್ಕೆ ಬಿಸಿನೀರು. ಹಿಮ ಬೀಳುವ ಊರಿನಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ಲೆಕ್ಕವೇ ಬೇರೆ. ಕಡಿಮೆ ಜಾಗದಲ್ಲಿ ಹೆಚ್ಚು ಶಾಖ ಎಂಬ ಟೆಲ್ಕೆಸ್ ಅವರ ವಾದದಲ್ಲಿ ಹುರುಳಿತ್ತು.

1953ರಲ್ಲಿ ಎಂಐಟಿ ಬಿಟ್ಟರು. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ ಮಹಿಳಾ ಇಂಜಿನಿಯರುಗಳ ಸಂಘ ತನ್ನ ಮೊಟ್ಟಮೊದಲ ಸಾಧನಾ ಪ್ರಶಸ್ತಿಯನ್ನು ಕೊಟ್ಟದ್ದು ರಸಾಯನ ಓದಿದ ಈಕೆಗೆ. ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ, ಫೋರ್ಡ್ ಫೌಂಡೇಷನ್ ನೆರವಿನಿಂದ, ಸೌದೆ ಸಿಗದ ಬಡ ಊರುಗಳಿಗೆಂದು ಸೌರ ಒಲೆ ಮಾಡಿದರು: ಶಾಖ ಸೋರದ ಪೆಟ್ಟಿಗೆ, ಮೇಲೆ ಓರೆಯಾಗಿ ಗಾಜು, ಸುತ್ತ ಹೊಳೆಯುವ ತಗಡುಗಳು.

1970ರ ದಶಕದಲ್ಲಿ ತೈಲ ಬಿಕ್ಕಟ್ಟಿನಿಂದ ಅಮೆರಿಕಕ್ಕೆ ಬಿಸಿಲು ಮತ್ತೆ ನೆನಪಾಗುವ ಹೊತ್ತಿಗೆ ಅವರು ಡೆಲಾವೇರ್ ವಿಶ್ವವಿದ್ಯಾಲಯದಲ್ಲಿದ್ದರು. 1973ರಲ್ಲಿ ಅಲ್ಲಿ ಕಟ್ಟಿದ ‘ಸೋಲಾರ್ ಒನ್’ ಮನೆಯ ಚಾವಣಿ ವಿದ್ಯುತ್ತನ್ನೂ ಶಾಖವನ್ನೂ ಕೊಡುತ್ತಿತ್ತು. ಶಾಖ ಕೂಡಿಡುವ ಹೊಣೆ ಟೆಲ್ಕೆಸ್ ಅವರ ಉಪ್ಪಿನದೇ. 1976ರಲ್ಲಿ ಅವರ ಹೆಸರಿಗೆ ಒಂದು ಪೇಟೆಂಟ್ ಬಂತು. ಒಂದು ಬಗೆಯ ನುಣುಪು ಜೇಡಿಯನ್ನು ಗ್ಲಾಬರ್ ಉಪ್ಪಿಗೆ ಬೆರೆಸಿ, ಕರಗಿದ ಮೇಲೂ ಅದು ತಳಕ್ಕಿಳಿಯದಂತೆ ಗಂಜಿಯ ಹದದಲ್ಲಿ ಹಿಡಿದಿಡುವ ವಿಧಾನ. ಡೋವರ್‌ನ ಡ್ರಮ್ಮುಗಳು ಕೆಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು, ಅವರಿಗೆ ಎಪ್ಪತ್ತೈದು ದಾಟಿತ್ತು.