ಕಲ್ಲೂ ನೀರು ಕುಡಿಯುತ್ತದೆ

“ಕಲ್ಲು ಎಲ್ಲಾದ್ರೂ ನೀರು ಕುಡೀತದಾ?” ಪಾಂಡವಪುರದ ಕಡೆ ಮನೆ ಕಟ್ಟಿಸುತ್ತಿರುವವರ ಹತ್ತಿರ ಅಡುಗೆ ಕಟ್ಟೆಯ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಇದು. ಕುಡಿಯುತ್ತದೆ. ನಮ್ಮ ಮನೆಯ ಬೂದು ಗ್ರಾನೈಟ್ ಕಟ್ಟೆಯಲ್ಲಿ ಎಣ್ಣೆ ಡಬ್ಬಿ ಇಡುತ್ತಿದ್ದ ಜಾಗದಲ್ಲಿ ಅಂಗೈಯಗಲದ ಕಪ್ಪು ಬಳೆಯೊಂದು ಕೂತುಬಿಟ್ಟಿದೆ. ಸೋಪು, ಸೀಗೆಪುಡಿ, ನಿಂಬೆಸಿಪ್ಪೆ ಎಲ್ಲ ಆಯಿತು. ಮೇಲೆ ಮೆತ್ತಿಕೊಂಡಿದ್ದರೆ ಎಂದೋ ಹೋಗುತ್ತಿತ್ತು. ಎಣ್ಣೆ ಕಲ್ಲಿನೊಳಕ್ಕೆ ಇಳಿದಿದೆ.

ಗಟ್ಟಿ ಕಲ್ಲು ಅಂದರೆ ನೀರು ಹೋಗದ ಕಲ್ಲು ಅನ್ನುವುದೇ ಎಲ್ಲ ತಪ್ಪುಗಳ ಮೂಲ. ಇವು ಎರಡು ಬೇರೆ ಬೇರೆ ಗುಣ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಹೋಗಿ ಲಕ್ಷ್ಮೀನಾರಾಯಣ ದೇವಸ್ಥಾನದ ಗೋಡೆ ನೋಡಿ. ಹೊಯ್ಸಳರ ಶಿಲ್ಪಿಗಳು ಆನೆಯ ಸಾಲು, ಕುದುರೆಯ ಸಾಲು, ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿದ್ದು ಬಳಪದ ಕಲ್ಲಿನ ಜಾತಿಯ ಕಲ್ಲಿನಲ್ಲಿ. ಚಾಕುವಿನಲ್ಲಿ ಗೀಚಿದರೆ ಗೀರು ಬೀಳುವಷ್ಟು ಮೆದು. ಆದರೆ ನೀರು ಒಳಗಿಳಿಯುವುದು ಬಹಳ ಕಡಿಮೆ. ಬಳಪದ ಕಲ್ಲಿನ ಮರಿಗೆಯಲ್ಲಿ ಅಜ್ಜಿಯರು ಹುಳಿ ಕಾಯಿಸುತ್ತಿದ್ದುದು ಸುಮ್ಮನಲ್ಲ. ಗ್ರಾನೈಟ್ ಇದಕ್ಕೆ ತಿರುಗುಮುರುಗು. ಚಾಕುವಿಗೆ ಬಗ್ಗುವುದಿಲ್ಲ, ಆದರೆ ಅದರ ಹರಳು ಹರಳುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳಿವೆ. ಕಟ್ಟಡಕ್ಕೆ ಬಳಸುವ ಗ್ರಾನೈಟ್ ಹೀರುವ ನೀರು ಅದರ ತೂಕದ ಶೇ. 0.4 ಮೀರಬಾರದು ಎನ್ನುತ್ತದೆ ಅಮೆರಿಕದ ಎಎಸ್‌ಟಿಎಂ ಮಾನದಂಡ. ಅಲ್ಪವೇ ಸರಿ, ಆದರೆ ಅರಿಸಿನ ಬೆರೆತ ಎಣ್ಣೆ ಕಲೆ ಮಾಡಲು ಅಷ್ಟೇ ಸಾಕು.

“ಪಾಲಿಶ್ ಹಾಕಿದ ಮೇಲೆ ಸಂದು ಮುಚ್ಚಿಕೊಳ್ಳುತ್ತದೆ” ಎನ್ನುವವರಿದ್ದಾರೆ. ಪಾಲಿಶ್ ಮೈಯನ್ನು ನುಣುಪು ಮಾಡುತ್ತದೆ, ಸಂದನ್ನು ಮುಚ್ಚುವುದಿಲ್ಲ. ಕಲ್ಲು ಕೊಳ್ಳುವ ಮೊದಲು ಒಂದು ಚೂರು ಕೇಳಿ ಮನೆಗೆ ತನ್ನಿ. ಚೆನ್ನಾಗಿ ಒಣಗಿಸಿ ಮೇಲೆ ನಾಲ್ಕು ಹನಿ ನೀರು ಬಿಡಿ. ಕಾಲು ಗಂಟೆ ಬಿಟ್ಟು ಒರೆಸಿದಾಗ ಕಪ್ಪಗೆ ಗುರುತು ಉಳಿದಿದ್ದರೆ ಆ ಕಲ್ಲು ಕುಡಿಯುವ ಜಾತಿ. ಒಳಗೆ ಇಳಿದು ನೀರು ತಡೆಯುವಂಥ ಸೀಲರ್ ಬೇಕು, ಅದೂ ಕೆಲವು ವರ್ಷಕ್ಕೊಮ್ಮೆ ಮತ್ತೆ. ಗುರುತು ಬೀಳದಿದ್ದರೆ ಸೀಲರಿಗೆ ದುಡ್ಡು ಸುರಿಯಬೇಡಿ.

ಚಾಮರಾಜನಗರ, ಕನಕಪುರದ ಕಡೆಯ ಕಪ್ಪು ಕಲ್ಲು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅಂಗಡಿಯಲ್ಲಿ ಅದನ್ನು ಕಪ್ಪು ಗ್ರಾನೈಟ್ ಎನ್ನುತ್ತಾರಾದರೂ ಭೂವಿಜ್ಞಾನದ ಪ್ರಕಾರ ಅದು ಗ್ರಾನೈಟ್ ಅಲ್ಲ, ಡಾಲರೈಟ್. ಕರಗಿದ ಶಿಲೆ ಹಳೆಯ ಬಂಡೆಯ ಬಿರುಕಿಗೆ ನುಗ್ಗಿ ತಣಿದು ಆದದ್ದು. ಹರಳು ಸಣ್ಣ, ಮೈ ಬಿಗಿ. ಬೆಲೆ ಜಾಸ್ತಿಯಾದ್ದರಿಂದ ಬೂದು ಕಲ್ಲಿಗೆ ಬಣ್ಣ ಕುಡಿಸಿ ಕಪ್ಪು ಎಂದು ಮಾರುವುದೂ ಉಂಟು. ಬಿಳಿ ಬಟ್ಟೆಗೆ ಥಿನ್ನರ್ ಅದ್ದಿ ಉಜ್ಜಿ. ಬಟ್ಟೆ ಕಪ್ಪಾದರೆ ಆ ಕಲ್ಲು ಬೇಡ.

ಕಡಪ ಕಲ್ಲನ್ನೂ ಗ್ರಾನೈಟ್ ಲೆಕ್ಕಕ್ಕೆ ಸೇರಿಸುವವರು ಹಲವರು. ಅದು ಸುಣ್ಣಕಲ್ಲಿನ ಜಾತಿ. ಹುಳಿ ತಾಗಿದರೆ ಸುಣ್ಣ ಕರಗುತ್ತದೆ. ಹುಣಸೆಹಣ್ಣು ಹಿಂಡದೆ ದಿನ ಕಳೆಯದ ಮಂಡ್ಯ ಸೀಮೆಯ ಅಡುಗೆಮನೆಯಲ್ಲಿ ಅದು ಮೇಲಿನ ಹಾಸುಗಲ್ಲಿಗೆ ಆಗುವುದಿಲ್ಲ. ಹೊಳಪು ಹೋಗಿ ಮಂಕು ಮಚ್ಚೆಗಳು ಬೀಳುತ್ತವೆ. ಕಟ್ಟೆಯ ಅಡಿಯ ಅಟ್ಟಣಿಗೆಗೆ, ಗ್ರಾನೈಟಿಗೆ ಆಸರೆಯಾಗಿ ಕೆಳಗೆ ಹಾಕುವುದಕ್ಕೆ ಬೇಕಾದಷ್ಟು ಚೆನ್ನ.

ಈಗ ತೇವದ ಮಾತು. ಕರಾವಳಿಯ ಮನೆಗಳಿಗೆ ಹೇಳುವ ಬುದ್ಧಿವಾದವನ್ನೇ ನಮ್ಮ ಕಡೆಗೂ ತರುತ್ತಾರೆ: ಗಾಳಿಯ ತೇವಕ್ಕೆ ಕಲ್ಲು ಹಾಳಾಗುತ್ತದೆ, ವರ್ಷವರ್ಷ ಸೀಲರ್ ಹೊಡೆಸಿ ಎಂದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ. ಮಂಡ್ಯ ಜಿಲ್ಲೆಯಲ್ಲಿ ಸುಮಾರು 700. ಕರಾವಳಿಯಲ್ಲಿ ಗಾಳಿಯಲ್ಲೇ ಉಪ್ಪಿದೆ. ಅಲ್ಲೂ ಆ ಉಪ್ಪುಗಾಳಿ ಮೊದಲು ತಿನ್ನುವುದು ಕಲ್ಲನ್ನಲ್ಲ, ಕಟ್ಟೆಯ ಕೆಳಗಿನ ಆಸರೆಯ ಕಬ್ಬಿಣವನ್ನು. ನಮ್ಮಲ್ಲಿ ತೇವ ಬರುವ ದಾರಿಯೇ ಬೇರೆ: ನೆಲದಿಂದ, ನಲ್ಲಿಯಿಂದ, ಹಸಿ ಗಾರೆಯಿಂದ.

ಅದರಲ್ಲೂ ತಾಲ್ಲೂಕು ತಾಲ್ಲೂಕಿಗೆ ವ್ಯತ್ಯಾಸವಿದೆ. ಶ್ರೀರಂಗಪಟ್ಟಣದ ಊರು ಕಾವೇರಿ ನಡುವಿನ ದ್ವೀಪ. ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ನಿಂತ ಗದ್ದೆಗೆ ಒತ್ತಿಕೊಂಡೇ ಮನೆಗಳಿವೆ. ಕೆ.ಆರ್. ಪೇಟೆಯಲ್ಲೂ ಹೇಮಾವತಿ ನೀರು ಹರಿಯುವ ಕಡೆ ಇದೇ ಪಾಡು. ಇಂಥ ಕಡೆ ಕಟ್ಟೆ ಹೊರುವ ಇಟ್ಟಿಗೆಯ ಕಾಲುಗೋಡೆ ನೆಲದ ತೇವವನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ತೇವದ ಜೊತೆ ಗಾರೆಯ ಉಪ್ಪೂ ಏರಿ ಕಲ್ಲಿನ ಅಂಚಿನಲ್ಲಿ ಬಿಳಿ ಪುಡಿಯಾಗಿ ಅರಳುತ್ತದೆ. ಜನ ಕಲ್ಲನ್ನು ಬೈಯುತ್ತಾರೆ, ತಪ್ಪು ಬುಡದ್ದು. ಕಾಲುಗೋಡೆಯ ಮೊದಲ ವರಸೆಯಲ್ಲೇ ತೇವ ತಡೆಯುವ ಪದರ ಹಾಕಿಸಿ. ಗೋಡೆ, ಆಸರೆ ಹಾಸು ಪೂರ್ತಿ ಒಣಗುವವರೆಗೆ ಗ್ರಾನೈಟ್ ಕೂರಿಸಲು ಬಿಡಬೇಡಿ. ಗೃಹಪ್ರವೇಶದ ದಿನ ಹತ್ತಿರ ಬಂತೆಂದು ಹಸಿಯ ಮೇಲೆ ಕೂರಿಸಿದ ಎಷ್ಟೋ ಕಟ್ಟೆಗಳಲ್ಲಿ ಮೋಡ ಕವಿದಂತೆ ಕಪ್ಪು ಛಾಯೆ ನಿಂತಿದೆ.

ನಾಗಮಂಗಲದ ಬಯಲಿನಲ್ಲಿ ತಾಪತ್ರಯ ಬೋರ್‌ವೆಲ್ಲಿನ ಗಡಸು ನೀರಿನದು. ಸಿಂಕಿನ ಸುತ್ತ ಕಟ್ಟುವ ಬಿಳಿ ಪೊರೆಯನ್ನು ಕಲ್ಲು ಸವೆದದ್ದು ಎಂದುಕೊಳ್ಳುತ್ತಾರೆ. ಅದು ನೀರಿನ ಸುಣ್ಣ. ದಿನಾ ರಾತ್ರಿ ಕಟ್ಟೆ ಒರೆಸಿ ಒಣಗಿಸಿದರೆ ಕಟ್ಟುವುದು ಬಹಳ ಕಡಿಮೆ.

ನಲ್ಲಿಯ ನೀರಿಗೆ ಒಂದು ಉಪಾಯವಿದೆ, ಕೇಳದೆ ಯಾರೂ ಮಾಡಿಕೊಡುವುದಿಲ್ಲ. ಕಟ್ಟೆಯ ಮುಂಚಾಚಿನ ಅಡಿಯಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ಒಂದು ಸಣ್ಣ ಗೀರು ಕೊಯ್ಯಿಸಿ. ಚೆಲ್ಲಿದ ನೀರು ಅಂಚು ಬಳಸಿ ಒಳಕ್ಕೆ ಹರಿಯುತ್ತಾ ಆ ಗೀರು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಕೆಳಗಿನ ಬಾಗಿಲುಗಳ ಪ್ಲೈವುಡ್ ಉಬ್ಬುವುದಿಲ್ಲ. ಸಿಂಕಿಗೂ ಒಲೆಗೂ ಕೊಯ್ಯುವ ಕಿಂಡಿಯ ಮೂಲೆಗಳು ದುಂಡಗಿರಲಿ. ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು.

ಕೊನೆಗೆ ಎತ್ತರದ ಮಾತು. “ಕಟ್ಟೆಗೆ ಎರಡು ಮುಕ್ಕಾಲು ಅಡಿ ಎತ್ತರ, ಎಲ್ಲರ ಮನೆಯಲ್ಲೂ ಅಷ್ಟೇ.” ಮೇಸ್ತ್ರಿಯ ಈ ಮಾತನ್ನು ಒಪ್ಪಿಕೊಳ್ಳಬೇಡಿ. ನಮ್ಮ ಕಡೆ ದಿನಾ ಮುದ್ದೆ ತೊಳಸಬೇಕು. ಒಲೆಯ ಎತ್ತರ, ಪಾತ್ರೆಯ ಎತ್ತರ, ಅದರ ಮೇಲೆ ಕೋಲು. ಭುಜ ಮೇಲೆತ್ತಿ ತೊಳಸಿದರೆ ಹೊತ್ತು ಮುಳುಗುವಷ್ಟರಲ್ಲಿ ತೋಳು ಸೇದುತ್ತದೆ. ಎತ್ತರವನ್ನು ತೀರ್ಮಾನಿಸಬೇಕಾದವರು ಅಡುಗೆ ಮಾಡುವವರು. ಇಟ್ಟಿಗೆ ಬಿಡಿಬಿಡಿಯಾಗಿ ಪೇರಿಸಿ, ಮೇಲೆ ಹಲಗೆ, ಒಲೆ, ಖಾಲಿ ಪಾತ್ರೆ ಇಡಿ. ಅವರು ಕೋಲು ಹಿಡಿದು ತೊಳಸಿ ನೋಡಲಿ. ಒಂದು ವರಸೆ ತೆಗೆಯಿರಿ ಅಂದರೆ ತೆಗೆಯಿರಿ, ಏರಿಸಿ ಅಂದರೆ ಏರಿಸಿ. ಸಾಕು ಎಂದು ಅವರು ಹೇಳಿದ ಕಡೆ ಗೋಡೆಗೆ ಗುರುತು ಹಾಕಿ, ಆಮೇಲೆ ಮೇಸ್ತ್ರಿಯನ್ನು ಕರೆಯಿರಿ.