ಶಿಕಾಗೋದಲ್ಲಿ ಹುಟ್ಟಿದ ‘ನಾಗಮಂಡಲ’. ಉಣಕಲ್ಲಿಗೂ ಬೇಕು ಬರಹಗಾರರ ಮನೆ

ಬರೆಯುವವರಿಗೆ ಕೆಲವು ತಿಂಗಳ ಮಟ್ಟಿಗೆ ಕೋಣೆ, ಊಟ, ಪುಸ್ತಕಗಳನ್ನು ಒದಗಿಸಿ, ‘ನಿಮ್ಮ ಪಾಡಿಗೆ ನೀವು ಬರೀರಿ’ ಎಂದು ಬಿಟ್ಟುಬಿಡುವ ಏರ್ಪಾಡೇ ರೈಟರ್ಸ್ ರೆಸಿಡೆನ್ಸಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಪಾಲ್ ಎಂಗಲ್ ಮತ್ತು ಹುವಾಲಿಂಗ್ ನೀ 1967ರಲ್ಲಿ ಆರಂಭಿಸಿದ ಲೇಖಕರ ಶಿಬಿರ ಇವುಗಳಲ್ಲಿ ಹೆಸರುವಾಸಿ. ನಮ್ಮ ವಿವೇಕ ಶಾನಭಾಗ 2016ರಲ್ಲಿ ಅಲ್ಲಿದ್ದರು. ಇಂಥ ವಾಸದಿಂದ ಕನ್ನಡಕ್ಕೆ ಏನು ದಕ್ಕಬಲ್ಲದು ಎಂಬುದಕ್ಕೆ ಧಾರವಾಡದವರಿಗೆ ಹತ್ತಿರದ ಉದಾಹರಣೆ ಗಿರೀಶ ಕಾರ್ನಾಡರದು.

1987–88ರಲ್ಲಿ ಕಾರ್ನಾಡರು ಫುಲ್‌ಬ್ರೈಟ್ ನೆರವಿನೊಂದಿಗೆ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಬರೆದದ್ದು ‘ನಾಗಮಂಡಲ’. ಆ ನಾಟಕದಲ್ಲಿ ಶಿಕಾಗೋದ ಗಾಳಿಯೂ ಇಲ್ಲ, ಹಿಮವೂ ಇಲ್ಲ. ಗಂಡ ಹೊರಗಿನಿಂದ ಬೀಗ ಹಾಕಿ ಹೋದ ಮನೆಯಲ್ಲಿ ಒಂಟಿಯಾದ ರಾಣಿ, ಗಂಡನ ರೂಪದಲ್ಲಿ ರಾತ್ರಿ ಬರುವ ನಾಗ, ಹಾಳು ಗುಡಿಯಲ್ಲಿ ಸೇರಿ ಮನೆಮನೆಯ ಸುದ್ದಿ ಹೇಳಿಕೊಳ್ಳುವ ದೀಪದ ಕುಡಿಗಳು: ಎಲ್ಲವೂ ನಮ್ಮ ಹಳ್ಳಿಗಳವು.

ಕಾರ್ನಾಡರಿಗೆ ಇದರ ಮೂಲದ ಎರಡು ಜನಪದ ಕಥೆಗಳನ್ನು ಹೇಳಿದವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿದ ಅವರು ಕನ್ನಡದ ಅಡುಗೆಮನೆ ಕಥೆಗಳನ್ನು ಅಕ್ಕರೆಯಿಂದ ಕೂಡಿಹಾಕಿದ್ದರು. ಆಗ ಅದೇ ಶಿಕಾಗೋದಲ್ಲಿ ಪ್ರಾಧ್ಯಾಪಕರು. ಮಕ್ಕಳಿಗೆ ಉಣಿಸುತ್ತ ಹೆಂಗಸರು ಹೇಳುತ್ತ ಬಂದ ಕಥೆಗಳು ಹೀಗೆ ಅಮೆರಿಕದಲ್ಲಿ ನಾಟಕವಾದವು. ನಾಟಕದ ಇಂಗ್ಲಿಷ್ ರೂಪವನ್ನೂ ಕಾರ್ನಾಡರೇ ಸಿದ್ಧಪಡಿಸಿದರು. ವಿಶ್ವವಿದ್ಯಾಲಯದ ರಂಗತಂಡ ಅದನ್ನು ಆಡಿತು. 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ರಂಗಮಂದಿರ ತನ್ನ ಮೂವತ್ತನೆಯ ವರ್ಷಕ್ಕೆ ‘ನಾಗಮಂಡಲ’ವನ್ನೇ ಆರಿಸಿಕೊಂಡಿತು. ಆಮೇಲೆ ಹೊಸ ನಾಟಕ ಬರೆದುಕೊಡಿ ಎಂದು ಕೇಳಿತು. ಅದರಿಂದ ಬಂದದ್ದು ‘ಅಗ್ನಿ ಮತ್ತು ಮಳೆ’.

ಶಿಕಾಗೋ ಕೊಟ್ಟದ್ದು ಮೂರು: ಬಿಡುವು, ಕಥೆ ಬಲ್ಲ ಗೆಳೆಯ, ಬರೆದದ್ದನ್ನು ಆಡಿ ತೋರಿಸುವ ತಂಡ. ಈ ಮೂರನ್ನು ಒಂದೆಡೆ ಕೂಡಿಸಲು ಕಡಲು ದಾಟಬೇಕಿಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ‘ಅಟ್ಟ’ದಲ್ಲಿ ಲೇಖಕರು ಕೂಡಿ ಹರಟುತ್ತಿದ್ದರು, ಓದಿ ತಿದ್ದುತ್ತಿದ್ದರು. ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಚ್ಚಾದದ್ದು ಅಲ್ಲಿಂದಲೇ. ಒಡನಾಟದ ಆ ಪರಂಪರೆ ನಮ್ಮಲ್ಲಿದೆ. ಇಲ್ಲದಿರುವುದು ಹೊರಗಿನಿಂದ ಬಂದ ಬರಹಗಾರ ತಿಂಗಳೊಪ್ಪತ್ತು ತಂಗಿ ಬರೆಯುವ ಮನೆ.

ಅದಕ್ಕೆ ಉಣಕಲ್ ಒಪ್ಪುವ ಜಾಗ. ಹುಬ್ಬಳ್ಳಿ–ಧಾರವಾಡ ಹೆದ್ದಾರಿಯ ಮಗ್ಗುಲಲ್ಲೇ ಕೆರೆಯಿದೆ, ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಯಿದೆ. ಒಂದು ಕಡೆ ಹುಬ್ಬಳ್ಳಿಯ ಪೇಟೆ. ಇನ್ನೊಂದು ಕಡೆ ಧಾರವಾಡದಲ್ಲಿ 1890ರ ವಿದ್ಯಾವರ್ಧಕ ಸಂಘ, ಕರ್ನಾಟಕ ವಿಶ್ವವಿದ್ಯಾಲಯ, ರಂಗಾಯಣ. ಬಸ್ಸು ಹತ್ತಿದರೆ ಎಲ್ಲವೂ ಕೈಗೆಟಕುತ್ತವೆ. ನಾಲ್ಕು ಕೋಣೆ, ಒಂದು ಅಡುಗೆಮನೆ, ಓದಿ ಆಡಲು ಒಂದು ಪಡಸಾಲೆ ಇದ್ದರೆ ಸಾಕು. ತಮಿಳಿನ ಕವಿ, ಮಣಿಪುರದ ನಾಟಕಕಾರ್ತಿ, ಬೀದರದ ಹೊಸ ಕತೆಗಾರ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಅವಳಿ ನಗರದ ವಿಶ್ವವಿದ್ಯಾಲಯ, ಅಕಾಡೆಮಿ, ಪಾಲಿಕೆ ಜತೆಗೂಡಿದರೆ ಇದು ಭಾರವಾಗದು. ಹೊರಗಿನವರು ನಮ್ಮ ಬರಹಗಾರರನ್ನು ಕರೆದು ಕೂರಿಸಿದ ಹಾಗೆ ಹೊರಗಿನ ಬರಹಗಾರರನ್ನು ಕರೆದು ಕೂರಿಸುವ ಸರದಿ ಈಗ ನಮ್ಮದು.